ಗಿಟಾರ್ ಬಾಡಿ ಕೊರೆಯೋಕೆ ಟ್ರಿಮ್ಮರ್ ಸಾಕಾ? ಮಕಿಟಾ ಆರ್‌ಟಿ 0700ಸಿ ಜೊತೆ ಕೆಲವು ವರ್ಷ

ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡಬೇಕು ಅಂದ್ರೆ ದೊಡ್ಡ ರೌಟರ್ (ತಿರುಗುವ ಬ್ಲೇಡ್‌ನಿಂದ ಮರ ಕೊರೆಯುವ ಮಷಿನ್) ಇರಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಮನೆ ಮಹಡಿ ಮೇಲೆ ಶೀಟ್ ಹಾಕಿದ ಸಣ್ಣ ಜಾಗ ಇದೆ. ಅಲ್ಲಿ ನಾನು ಮಾಡಿದ ಬಾಡಿಗಳೆಲ್ಲ ಕೈಯಲ್ಲಿ ಹಿಡಿಯುವ ಸಣ್ಣ ರೌಟರ್ ಆದ ಈ ಒಂದು ಟ್ರಿಮ್ಮರ್‌ನಲ್ಲೇ ಆದವು. ಧಾರಾಳವಾಗಿ ಸಾಕಾಗುತ್ತದೆ. ಆದರೆ ಮಷಿನ್‌ಗೆ ಕೊಟ್ಟಷ್ಟೇ ಗಮನವನ್ನು ಬಿಟ್‌ಗೂ (ಮಷಿನ್‌ಗೆ ಸಿಕ್ಕಿಸುವ, ಮರ ಕೊರೆಯುವ ತುಂಡು) ಟೆಂಪ್ಲೇಟ್‌ಗೂ (ಬೇಕಾದ ಆಕಾರಕ್ಕೆ ಕತ್ತರಿಸಿಟ್ಟ ಮಾದರಿ ಹಲಗೆ) ಕೊಡಬೇಕು. ಕೆಲಸ ಚೆನ್ನಾಗಿ ಬರುವುದು ಅವುಗಳಿಂದ.

ಮೊದಲು ಮಷಿನ್ ಬಗ್ಗೆ. 710 ವ್ಯಾಟ್ ಮೋಟಾರ್, ತೂಕ 1.8 ಕೆಜಿ. ಡಯಲ್ ತಿರುಗಿಸಿ ವೇಗವನ್ನು ನಿಮಿಷಕ್ಕೆ 10,000 ಸುತ್ತಿನಿಂದ 30,000ದ ತನಕ ಇಟ್ಟುಕೊಳ್ಳಬಹುದು. ನಾನು ಇದನ್ನೇ ಆರಿಸಿದ್ದು ಈ ಡಯಲ್‌ಗಾಗಿ. ಬಡಗಿಗಳು ಸನ್‌ಮೈಕಾ ಅಂಚು ಸವರಲು ಇಟ್ಟುಕೊಳ್ಳುವ ಸಣ್ಣ ಟ್ರಿಮ್ಮರ್‌ಗಳಲ್ಲಿ ಹೆಚ್ಚಿನವು ಒಂದೇ ವೇಗದವು, ಅದೂ 30,000ದ ಆಸುಪಾಸು. ಆ ವೇಗದಲ್ಲಿ ಅಗಲದ ಬಿಟ್ ಹಾಕಿದರೆ ಮರ ಸುಟ್ಟು ಕಪ್ಪಾಗುತ್ತದೆ. ಮೂಲೆಗಳಲ್ಲಂತೂ ಆ ಕಪ್ಪು ಎಷ್ಟು ಉಜ್ಜಿದರೂ ಹೋಗಲ್ಲ. ಇನ್ನೊಂದು, ಸ್ವಿಚ್ ಹಾಕಿದ ತಕ್ಷಣ ಇದು ಕೈಯನ್ನು ಜಗ್ಗುವುದಿಲ್ಲ, ನಿಧಾನವಾಗಿ ವೇಗ ಹಿಡಿಯುತ್ತದೆ.

ನಾನು ಹೆಚ್ಚಾಗಿ ಮಾಡುವುದು ಟೆಲಿಕ್ಯಾಸ್ಟರ್ ಆಕಾರ. 1950ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಿಂದ ಹೊರತಂದ ವಿನ್ಯಾಸ ಅದು. ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂ ಹಾಕಿ ಕೂರಿಸುವ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಭಾಗ), ಅಷ್ಟೇ. ಕಾರ್ಖಾನೆಯಲ್ಲಿ ಬೇಗ ಬೇಗ ಮಾಡಲು ಯೋಚಿಸಿದ ಆಕಾರವಾದ್ದರಿಂದ ಮನೆಯಲ್ಲಿ ಮಾಡುವವರಿಗೂ ಅದು ಬಹಳ ಅನುಕೂಲ. ಬಾಡಿ ದಪ್ಪ ಸುಮಾರು 45 ಮಿ.ಮೀ. ಈ ಟ್ರಿಮ್ಮರ್‌ನ ಬೇಸ್ (ಮರದ ಮೇಲೆ ಕೂರುವ ತಳ) ಬಿಟ್ ಅನ್ನು 40 ಮಿ.ಮೀ. ತನಕ ಮಾತ್ರ ಇಳಿಯಲು ಬಿಡುತ್ತದೆ. ಅದರಿಂದ ತೊಂದರೆ ಇಲ್ಲ. ಜಿಗ್‌ಸಾದಲ್ಲಿ ಗೆರೆಯಿಂದ ಎರಡು ಮೂರು ಮಿ.ಮೀ. ಆಚೆಗೆ ಕತ್ತರಿಸಿ, ಒಂದು ಕಡೆಯಿಂದ ಅರ್ಧ ಕೊರೆದು, ಹಲಗೆ ಮಗುಚಿ, ಬೇರಿಂಗ್ (ಅಂಚಿಗೆ ತಾಗಿ ಉರುಳುತ್ತ ಬಿಟ್‌ಗೆ ದಾರಿ ತೋರುವ ಪುಟ್ಟ ಚಕ್ರ) ಕೆಳಗಿರುವ ಬಿಟ್‌ನಲ್ಲಿ ಉಳಿದದ್ದನ್ನು ತೆಗೆದರಾಯಿತು. ಒಂದು ಸಲಕ್ಕೆ ಮೂರ್ನಾಲ್ಕು ಮಿ.ಮೀ.ಗಿಂತ ಆಳ ಬೇಡ. ಹೊರ ಅಂಚಿನಲ್ಲಿ ಮಷಿನ್ ಅಪ್ರದಕ್ಷಿಣವಾಗಿ ಸಾಗಬೇಕು, ಗುಳಿಯ ಒಳಗೆ ಪ್ರದಕ್ಷಿಣವಾಗಿ. ಉಲ್ಟಾ ಹೋದರೆ ಬಿಟ್ ತಾನೇ ಮರವನ್ನು ಹಿಡಿದು ಓಡುತ್ತದೆ.

ನಿಜವಾದ ಪರೀಕ್ಷೆ ನೆಕ್ ಕೂರುವ ಗುಳಿಯದು. ಅಗಲ 56 ಮಿ.ಮೀ., ಆಳ 16 ಮಿ.ಮೀ. ಇಲ್ಲಿ ಬಿಟ್‌ನ ಉದ್ದ ನೋಡಿಕೊಳ್ಳಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 25 ಮಿ.ಮೀ. ಬ್ಲೇಡ್ ಇರುವ ಬಿಟ್. 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೆಂಪ್ಲೇಟ್ ಮೇಲೆ ಅದನ್ನು ಇಟ್ಟರೆ, ಬೇರಿಂಗ್ ಟೆಂಪ್ಲೇಟ್ ಅಂಚಿಗೆ ತಾಗುವ ಹೊತ್ತಿಗೆ ಬ್ಲೇಡ್ ಮರದೊಳಗೆ 13 ಮಿ.ಮೀ.ಗಿಂತ ಜಾಸ್ತಿ ಇಳಿದಿರುತ್ತದೆ. ಒಂದೇ ಏಟಿಗೆ ಅಷ್ಟು ಆಳ ಕೊರೆಯಲು ಯಾವ ಟ್ರಿಮ್ಮರ್‌ಗೂ ಆಗಲ್ಲ. ಬ್ಲೇಡ್ 10ರಿಂದ 12 ಮಿ.ಮೀ. ಇರುವ ಗಿಡ್ಡ ಬಿಟ್ ಹುಡುಕಿ ತನ್ನಿ. ಮೊದಲ ಸುತ್ತುಗಳಿಗೆ ಬೇರಿಂಗ್ ಟೆಂಪ್ಲೇಟ್ ಮೇಲೆ ಓಡಲಿ. ಗುಳಿಗೆ ಸ್ವಲ್ಪ ಗೋಡೆ ಬಂದ ಮೇಲೆ ಟೆಂಪ್ಲೇಟ್ ಕಿತ್ತುಬಿಡಿ, ಆಮೇಲೆ ಬೇರಿಂಗ್ ಆ ಗೋಡೆಯನ್ನೇ ಹಿಡಿದು ಹೋಗುತ್ತದೆ. ಕೊನೆಗೆ ಸ್ಕ್ರೂ ಹಾಕದೆ ನೆಕ್ ಕೂರಿಸಿ, ನೆಕ್ ಹಿಡಿದು ಎತ್ತಿದರೆ ಬಾಡಿಯೂ ಜೊತೆಗೆ ಬರಬೇಕು. ಹಾಗೆ ಬಂದಾಗ ಆಗುವ ಖುಷಿಗೆ ಸಾಟಿ ಇಲ್ಲ. ಪೇಂಟ್ ಮಾಡುವುದಿದ್ದರೆ ಮಾತ್ರ ಅಷ್ಟು ಬಿಗಿ ಬೇಡ, ಇಲ್ಲದಿದ್ದರೆ ಗುಳಿಯ ಮೂಲೆಯಲ್ಲಿ ಪೇಂಟ್ ಬಿರಿಯುತ್ತದೆ.

ಬಿಟ್ ಕೊಳ್ಳುವಾಗ ಕಾಂಡದ (ಮಷಿನ್ ಒಳಗೆ ಹೋಗುವ ಭಾಗದ) ಅಳತೆಯನ್ನು ಖಂಡಿತ ಕೇಳಿ. 6 ಮಿ.ಮೀ. ಮತ್ತು ಕಾಲು ಇಂಚು ಒಂದೇ ಅಲ್ಲ, ಕಾಲು ಇಂಚು ಅಂದ್ರೆ 6.35 ಮಿ.ಮೀ. ಎರಡೂ ನಮ್ಮ ಮಾರುಕಟ್ಟೆಯಲ್ಲಿ ಪಕ್ಕಪಕ್ಕದಲ್ಲೇ ಮಾರಾಟಕ್ಕಿರುತ್ತವೆ. ಕಾಲು ಇಂಚಿನ ಕಾಲೆಟ್‌ಗೆ (ಬಿಟ್ ಹಿಡಿಯುವ ತೂತು) 6 ಮಿ.ಮೀ. ಬಿಟ್ ಹಾಕಿದರೆ ನಟ್ ಬಿಗಿಯಾದಂತೆ ಕಂಡರೂ ಕೆಲಸದ ಮಧ್ಯೆ ಬಿಟ್ ಜಾರುತ್ತದೆ. ಕೈಗೇ ಅಪಾಯ. ಅಗ್ಗದ ಬಿಟ್ ಸೆಟ್‌ಗಳ ಮೇಲೆ ದುಡ್ಡು ಹಾಕಬೇಡಿ. ಒಳ್ಳೆಯ ಕಾರ್ಬೈಡ್ ಬಿಟ್ ಎರಡೇ ಇದ್ದರೂ ಕೆಲಸ ನಡೆಯುತ್ತದೆ.

ಮರದ ವಿಷಯಕ್ಕೆ ಬಂದರೆ, ಫೆಂಡರ್‌ನ ಆ್ಯಶ್, ಆಲ್ಡರ್ ಹುಡುಕಿಕೊಂಡು ಅಲೆಯುವ ಅಗತ್ಯ ನನಗಂತೂ ಕಾಣಲಿಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಚೆನ್ನಾಗಿ ಕೊರೆಯುತ್ತದೆ. ತಿರುಳಿನಿಂದ ತೊಗಟೆ ಕಡೆಗೆ ಸೀಳಿದ ಮುಖದಲ್ಲಿ ಲೇಸ್ ಬಟ್ಟೆಯ ಹಾಗೆ ಹೊಳೆಯುವ ಚುಕ್ಕಿ ಕಾಣುತ್ತದೆ. ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹಾಗಾಗಿ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಹಲಸು ನನಗೆ ಎಲ್ಲಕ್ಕಿಂತ ಇಷ್ಟ. ವೀಣೆಗೆ ಬಳಸುವ ಮರ ಅಲ್ವಾ! ಕೊರೆದಾಗ ಹಳದಿ, ವರ್ಷ ಕಳೆದಂತೆ ಕಂದು. ಎಳೆ ತಿರುಗುವ ಕಡೆ, ಅಂದ್ರೆ ಸೊಂಟದ ಒಳಬಾಗು ಮತ್ತು ಕೊಂಬಿನ ತುದಿಯಲ್ಲಿ, ಸಿಬಿರು ಏಳುತ್ತದೆ. ಅಲ್ಲಿ ಎರಡು ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ತಂದ ಹಲಗೆಯನ್ನು ಬೇಸಿಗೆ ತನಕ ಒಳಗಿಟ್ಟು ಕಾಯುವುದೇ ಒಳ್ಳೇದು.

ಇಷ್ಟವಾಗದ್ದು ಎರಡು. ಈ ಗಾತ್ರದ ಎಲ್ಲ ಟ್ರಿಮ್ಮರ್‌ಗೂ ಇರುವ ಮಿತಿ ಅವು. ಬೇಸ್ ಚಿಕ್ಕದು. ವೈರಿಂಗ್ ಗುಳಿಯಂಥ ಅಗಲದ ಜಾಗದ ಅಂಚಿನಲ್ಲಿ ಅರ್ಧ ಬೇಸ್ ಗಾಳಿಯಲ್ಲಿರುತ್ತದೆ, ಸ್ವಲ್ಪ ವಾಲಿದರೂ ಗೋಡೆ ಓರೆ. ನಾನು 6 ಮಿ.ಮೀ. ಅಕ್ರಿಲಿಕ್‌ನಲ್ಲಿ ಅಗಲದ ಬೇಸ್ ಮಾಡಿಸಿಕೊಂಡೆ. ಎರಡನೆಯದು ಧೂಳು. ವ್ಯಾಕ್ಯೂಮ್ ಜೋಡಿಸಿದರೂ ಅದು ಪೂರ್ತಿ ನಿಲ್ಲಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಒಳ್ಳೆಯ ಮಾಸ್ಕ್, ಕನ್ನಡಕ, ಕಿವಿಗೆ ಮಫ್ ಇಲ್ಲದೆ ಸ್ವಿಚ್ ಹಾಕಲೇಬೇಡಿ.

ವರ್ಷಕ್ಕೆ ಒಂದೆರಡು ಬಾಡಿ ಮಾಡುವವರು ನಿಶ್ಚಿಂತೆಯಿಂದ ಇದನ್ನು ಕೊಳ್ಳಬಹುದು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಕೂರುವ ಗುಳಿಗಳನ್ನು ಜಾಸ್ತಿ ಕೊರೆಯುವವರು ಇದಕ್ಕೆ ಸಿಗುವ ಪ್ಲಂಜ್ ಬೇಸ್ ಅನ್ನೂ ತೆಗೆದುಕೊಳ್ಳಿ. ಓಡುತ್ತಿರುವ ಬಿಟ್ ಅನ್ನು ಮೇಲಿನಿಂದ ನೇರವಾಗಿ ಇಳಿಸಲು ಅದೇ ಸುರಕ್ಷಿತ.