ಹಾರಿಸಿ ನೋಡದ ರಿವಾಲ್ವರ್ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವರಿಗೆ

ಬಾಗಲಕೋಟೆ ಜಿಲ್ಲೆಯ ಬೆಲ್ಲದ ವ್ಯಾಪಾರಿಯೊಬ್ಬರ .32 ರಿವಾಲ್ವರ್ ಬಗ್ಗೆ ಮೊದಲು ಹೇಳಬೇಕು. ಅವರ ಹೆಸರು ಇಲ್ಲಿ ಬೇಡ. ಲೈಸೆನ್ಸ್ ಸರಿಯಾಗಿತ್ತು, ನವೀಕರಣ ಒಂದು ಸಲವೂ ತಪ್ಪಿರಲಿಲ್ಲ. ರಿವಾಲ್ವರ್ ತಂದೆಯದು. ತಂದೆಗೆ 70 ತುಂಬಿದ ಮೇಲೆ ನಿಯಮದಂತೆ ಮಗನ ಹೆಸರಿಗೆ ಬಂದಿತ್ತು. ಅದರ ಜೊತೆ ತಂದೆ ತುಂಬಿಟ್ಟಿದ್ದ ಆರು ಕಾಡತೂಸುಗಳೂ ಬಂದವು. ಪ್ಯಾಟಿಯಿಂದ ರೊಕ್ಕ ತರುವ ದಿನ ಅದನ್ನು ಸೊಂಟಕ್ಕೆ ಕಟ್ಟುವುದು, ಉಳಿದ ದಿನ ಗಾದಿಯ ಕೆಳಗೆ ಇಡುವುದು. ಒಮ್ಮೆ ಹಾರಿಸಿ ನೋಡಿರಿ ಎಂದರೆ ಉತ್ತರ ಸಿದ್ಧವಿರುತ್ತಿತ್ತು: "ಕಂಪನಿ ಮಾಲ್ ಐತ್ರಿ, ಅದಕ್ಕೇನಾಗ್ತದ?"

ಕೊನೆಗೆ ಅನುಮತಿ ಪಡೆದು, ಫೈರಿಂಗ್ ರೇಂಜಿನಲ್ಲಿ, ತರಬೇತುದಾರರ ಎದುರಿಗೇ ಆ ಆರನ್ನೂ ಹಾರಿಸಲು ನಿಂತರು. ಒಂದನೆಯದು ಹಾರಿತು. ಎರಡನೆಯದು ಬರೀ 'ಟಕ್' ಅಂದಿತು. ಮೂರನೆಯದು ಹಾರಿತಾದರೂ ಗುರಿಯಿಂದ ಒಂದು ಗೇಣು ಕೆಳಗೆ ಬಿತ್ತು, ಸಿಲಿಂಡರಿನ (ಕಾಡತೂಸು ತುಂಬುವ, ತಿರುಗುವ ಉರುಳೆ) ಪಕ್ಕದಿಂದ ಸೀಸದ ಚೂರು ಸಿಡಿದು ಪಕ್ಕದಲ್ಲಿದ್ದವರ ಕೈಗೆ ಚುಚ್ಚಿತು. ನಾಲ್ಕನೆಯದು ಮತ್ತೆ 'ಟಕ್'. ಐದನೆಯದು 'ಫುಸ್' ಎಂದಿತು, ಕೈಗೆ ಒದೆತವೇ ಇಲ್ಲ. ತರಬೇತುದಾರರು ಕೂಗಿ ನಿಲ್ಲಿಸಿದರು. ಬಿಚ್ಚಿ ನೋಡಿದರೆ ಗುಂಡು ನಳಿಕೆಯ ನಡುವೆಯೇ ಸಿಕ್ಕಿಕೊಂಡಿತ್ತು. ಆರನೆಯದನ್ನು ಅದರ ಹಿಂದೆ ಬಿಟ್ಟಿದ್ದರೆ ನಳಿಕೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು.

ಇದೇ ಆಯುಧ ನಂಬಿಕೊಂಡು ಅವರು ಕತ್ತಲಾದ ಮೇಲೆ ಒಬ್ಬರೇ ಬೈಕಿನಲ್ಲಿ ರೊಕ್ಕ ತರುತ್ತಿದ್ದರು. ನಮ್ಮ ತಕರಾರು ಇರುವುದೇ ಇಲ್ಲಿ. ಆಯುಧ ಇಲ್ಲದ ಮನುಷ್ಯ ಜೊತೆಗೊಬ್ಬರನ್ನು ಕರೆದುಕೊಳ್ಳುತ್ತಾನೆ, ಹಗಲಲ್ಲೇ ಹೊರಡುತ್ತಾನೆ, ರೊಕ್ಕವನ್ನು ಬ್ಯಾಂಕಿನ ಮೂಲಕ ಕಳಿಸುತ್ತಾನೆ. ಸೊಂಟದಲ್ಲಿ ಏನೋ ಇದೆ ಎಂಬ ಧೈರ್ಯ ಈ ಮೂರನ್ನೂ ಬಿಡಿಸುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಬ್ಯಾಂಕ್ ದರೋಡೆಯಾದ ಮೇಲಂತೂ "ನಮ್ಮ ಹತ್ರಾನೂ ಒಂದ್ ಇರ್ಬೇಕು" ಎನ್ನುವ ಮಾತು ಹೊಸದಲ್ಲ. ಇರಲಿ. ಆದರೆ ಇರುವುದು ಹಾರುತ್ತದೆಯೇ ಎಂದು ಮೊದಲು ಗೊತ್ತಿರಬೇಕು.

ಆ ದಿನ ಕೆಟ್ಟದ್ದು ಒಂದಲ್ಲ, ನಾಲ್ಕು ಬೇರೆ ಬೇರೆ ದೋಷ. ಎಲ್ಲವನ್ನೂ 'ಹಳೇದಾಗಿತ್ತು' ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ರಿಪೇರಿ ತಪ್ಪುತ್ತದೆ.

'ಟಕ್' ಎಂದ ಎರಡರಲ್ಲಿ ಒಂದು, ಎರಡನೇ ಹೊಡೆತಕ್ಕೆ ಹಾರಿತು. ಅಂದರೆ ಕಾಡತೂಸು ಚೆನ್ನಾಗಿತ್ತು, ಹ್ಯಾಮರಿನ (ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆ) ಏಟಿನಲ್ಲಿ ಬಲವಿರಲಿಲ್ಲ. ಒಳಗಿನ ಎಣ್ಣೆ, ಗ್ರೀಸು ವರ್ಷಗಟ್ಟಲೆ ಒಣಗಿ ಅಂಟಿನಂತಾಗಿ, ಅದಕ್ಕೆ ನಮ್ಮ ಎರೆಮಣ್ಣಿನ ಧೂಳು ಕೂಡಿದರೆ ಹ್ಯಾಮರ್ ನಿಧಾನವಾಗುತ್ತದೆ. ಸ್ಪ್ರಿಂಗ್ ಸೋತಿದ್ದರೂ ಹೀಗೇ. ಹಾರದ ಕಾಡತೂಸಿನ ತಳ ನೋಡಿದರೆ ಗೊತ್ತಾಗುತ್ತದೆ: ತಳದ ನಡುವೆ ಏಟಿಗೆ ಹೊತ್ತಿಕೊಳ್ಳುವ ಪ್ರೈಮರಿನ ಮೇಲೆ ತಗ್ಗು ಆಳವಾಗಿದ್ದರೆ ಕಾಡತೂಸಿನ ದೋಷ, ಸೂಜಿ ತಾಗಿದಷ್ಟೇ ಗುರುತಿದ್ದರೆ ಆಯುಧದ ದೋಷ. ಇನ್ನೊಂದು ಕಾಡತೂಸು ಮೂರು ಸಲ ಹೊಡೆದರೂ ಹಾರಲಿಲ್ಲ, ತಗ್ಗು ಚೆನ್ನಾಗಿಯೇ ಬಿದ್ದಿತ್ತು. ಅದರ ಪ್ರೈಮರ್ ಸತ್ತಿತ್ತು. ಕಾರಣ ಎಣ್ಣೆ. ತುಂಬಿದ ರಿವಾಲ್ವರಿಗೆ ಹಾಗೆಯೇ ಎಣ್ಣೆ ಸುರಿದು ಒರೆಸಿಡುವ ರೂಢಿ ಹಲವರಿಗಿದೆ. ತೆಳು ಎಣ್ಣೆ ಪ್ರೈಮರಿನ ಅಂಚಿನಿಂದ ಒಳಗೆ ಇಳಿದು ಮಸಾಲೆ ಕೆಡಿಸುತ್ತದೆ. ಕಾಡತೂಸಿಗೆ ಎಣ್ಣೆಯ ಬೆರಳೂ ತಾಗಬಾರದು.

ಸೀಸ ಸಿಡಿದದ್ದು ಸಿಲಿಂಡರ್ ನಳಿಕೆಗೆ ನೇರವಾಗಿ ನಿಲ್ಲದ್ದರಿಂದ. ಗುಂಡು ನಳಿಕೆಯ ಬಾಯಿಯ ಅಂಚನ್ನು ಕೆರೆದುಕೊಂಡು ಹೋಯಿತು. ಮನೆಯಲ್ಲಿ ಖಾಲಿ ರಿವಾಲ್ವರನ್ನು ಎಷ್ಟು ಸಲ ಒತ್ತಿ ನೋಡಿದರೂ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

'ಫುಸ್' ಎಂದದ್ದೇ ಎಲ್ಲಕ್ಕಿಂತ ಅಪಾಯ. ಮದ್ದಿಗೆ ತೇವ ತಗುಲಿ ಪೂರ್ತಿ ಉರಿಯಲಿಲ್ಲ, ಪ್ರೈಮರಿನ ಬಲವಷ್ಟೇ ಗುಂಡನ್ನು ನಳಿಕೆಗೆ ನೂಕಿತು. ಗಾಬರಿಯಲ್ಲಿ ಇರುವವನು ಇನ್ನೊಮ್ಮೆ ಟ್ರಿಗರ್ ಒತ್ತಿಯೇ ಒತ್ತುತ್ತಾನೆ. ಸದ್ದು ಸಣ್ಣದಾದರೆ, ಒದೆತ ಕಡಿಮೆಯಾದರೆ ಅಲ್ಲಿಗೆ ನಿಲ್ಲಿಸಬೇಕು. ಸಿಕ್ಕ ಗುಂಡನ್ನು ಮನೆಯಲ್ಲಿ ಸರಳಿನಿಂದ ಬಡಿದು ತೆಗೆಯಲು ಹೋಗಬೇಡಿ, ನಳಿಕೆಯ ಒಳಗಿನ ಗೆರೆ ಕೆಡುತ್ತದೆ.

ಇಂಥ ತೇವ, ಕಿಲುಬು ಎಲ್ಲಿಂದ ಬರುತ್ತವೆ? ಎರಡು ದಾರಿ. ಒಂದು, ಚರ್ಮದ ಪಟ್ಟಿ. ಕಾಡತೂಸನ್ನು ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿಟ್ಟರೆ ಚರ್ಮ ಹದ ಮಾಡಿದ ಆಮ್ಲ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಬೆವರು ಸೇರಿದರೆ ಇನ್ನೂ ಬೇಗ. ಕಿಲುಬು ಹಿಡಿದದ್ದು ಸಿಲಿಂಡರಿನಲ್ಲಿ ಬಿಗಿಯುತ್ತದೆ, ಹಾರಿದ ಮೇಲೆ ಹೊರಬರುವುದಿಲ್ಲ. ಎರಡನೆಯದು ಚುನಾವಣೆ. ನೀತಿ ಸಂಹಿತೆ ಬಂದರೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮೆ ಮಾಡಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಬಿಸಿಲಲ್ಲಿ ಒಳಗೆ ಹೋದದ್ದು ಮಳೆ ಹತ್ತುವ ಹೊತ್ತಿಗೆ ಕೈಗೆ ಬಂತು. ಬಟ್ಟೆ ಸುತ್ತಿ ಬೀರುವಿನಲ್ಲಿ ಕುಳಿತದ್ದನ್ನು ತಂದು ಮರುದಿನವೇ ಸೊಂಟಕ್ಕೆ ಕಟ್ಟಿದವರೇ ಹೆಚ್ಚು. ಜಮೆ ಮಾಡುವ ಮೊದಲು ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಕಾಡತೂಸು ಬೇರೆ ಕಟ್ಟಿ ಕೊಡಿ. ವಾಪಸ್ ಬಂದಾಗ ಅದನ್ನು ಪರೀಕ್ಷೆಯಾಗದ ಆಯುಧ ಎಂದೇ ಲೆಕ್ಕಹಾಕಿ.

ಇನ್ನು ನೋಡುವ ಕ್ರಮ. ಮೊದಲು ಪೂರ್ತಿ ಖಾಲಿ ಮಾಡಿ, ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಅದೇ ಮೇಜಿನ ಮೇಲೆ ಇಡಬೇಡಿ. ಖಾಲಿ ಅಂದುಕೊಂಡ ಆಯುಧದಿಂದಲೇ ಮನೆ ಮಂದಿ ಸತ್ತದ್ದು. ಆಮೇಲೆ ಬಿಚ್ಚಿ, ಹಿಂಬದಿಗೆ ಬೆಳಕು ಹಿಡಿದು ನಳಿಕೆಯ ಒಳಗೆ ನೋಡಿ. ಬಳೆಯಂಥ ಕಪ್ಪು ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ. ಅಂಥದ್ದನ್ನು ಹಾರಿಸುವುದೇ ಬೇಡ. ಮುಚ್ಚಿ, ಹ್ಯಾಮರನ್ನು ಹೆಬ್ಬೆರಳಿನಿಂದ ಬಹಳ ನಿಧಾನ ಎಳೆಯಿರಿ: ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಹೊತ್ತಿಗೆ ಸಿಲಿಂಡರ್ ಲಾಕ್ ಆಗಿರಬೇಕು. ಸಿಲಿಂಡರಿನ ಆರೂ ಮನೆಗಳಲ್ಲಿ ನೋಡಿ. ಐದು ಸರಿಯಿದ್ದು ಒಂದು ತಪ್ಪುವುದು ಸಾಮಾನ್ಯ. ಎಳೆದಿಟ್ಟ ಹ್ಯಾಮರನ್ನು ಹಿಂದಿನಿಂದ ಹೆಬ್ಬೆರಳಲ್ಲಿ ನೂಕಿ, ಟ್ರಿಗರ್ ಮುಟ್ಟದೆಯೇ ಬಿದ್ದರೆ ಅದು ಜೇಬಿನಲ್ಲೂ ಹಾರೀತು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದು ಸಾಮಾನ್ಯವಾಗಿ 0.10ರಿಂದ 0.25 ಮಿ.ಮೀ. ಗ್ಯಾರೇಜಿನವರ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಅಳೆಯಬಹುದು, ಗೇಜ್ ಮನೆಗೆ ತನ್ನಿ, ಆಯುಧ ಗ್ಯಾರೇಜಿಗೆ ಒಯ್ಯಬೇಡಿ. ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ತುದಿ ಗುಂಡಗಿರಬೇಕು, ಮುಕ್ಕಾಗಿರಬಾರದು.

ಇಷ್ಟೆಲ್ಲ ಪಾಸಾದರೂ ಹಾರಿಸಿ ನೋಡಿದಂತೆ ಆಗಲಿಲ್ಲ. ವಿದೇಶದ ವಿಡಿಯೋಗಳಲ್ಲಿ 200 ಗುಂಡು ಹಾರಿಸಿ ಎನ್ನುತ್ತಾರೆ. ಲೈಸೆನ್ಸಿನಲ್ಲಿ ಬರೆದ ಮಿತಿ, ಕಾಡತೂಸಿನ ಬೆಲೆ ನೋಡಿದರೆ ನಮ್ಮಲ್ಲಿ ಅದು ಆಗದ ಮಾತು. ರಿವಾಲ್ವರಿಗೆ 30 ಸಾಕು ಎನ್ನುವುದು ನಮ್ಮ ಅಭಿಪ್ರಾಯ: ಹ್ಯಾಮರ್ ಎಳೆದು 12, ಬರೀ ಟ್ರಿಗರ್ ಒತ್ತಿ 18. ಆಪತ್ತಿನಲ್ಲಿ ಹ್ಯಾಮರ್ ಎಳೆಯಲು ಯಾರಿಗೂ ವ್ಯವಧಾನ ಇರುವುದಿಲ್ಲ, ದುರ್ಬಲ ಹೊಡೆತ ಬಯಲಾಗುವುದೂ ಟ್ರಿಗರ್ ಒತ್ತಿದಾಗಲೇ. 30ರಲ್ಲಿ ಒಂದು ತಪ್ಪಿದರೂ ರಿಪೇರಿಗೆ ಕೊಟ್ಟು, ಮತ್ತೆ ಒಂದರಿಂದ ಎಣಿಸಿ. ಪಿಸ್ತೂಲಾದರೆ 50 ಬೇಕು, ಇರುವ ಪ್ರತಿ ಮ್ಯಾಗಜಿನ್ನನ್ನೂ ಎರಡು ಸಲ ಪೂರ್ತಿ ತುಂಬಿ. ಪಿಸ್ತೂಲು ಕೈಕೊಡುವುದು ಹೆಚ್ಚಾಗಿ ಮ್ಯಾಗಜಿನ್ನಿನಿಂದ.

ರೇಂಜಿನಲ್ಲಿ 'ಟಕ್' ಎಂದರೆ ನಳಿಕೆ ಗುರಿಯ ಕಡೆಗೇ ಇರಲಿ, 30 ಸೆಕೆಂಡು ಕಾಯಿರಿ. ಕೆಲವು ತಡವಾಗಿ ಹೊತ್ತಿಕೊಳ್ಳುತ್ತವೆ. ರಿವಾಲ್ವರಿನಲ್ಲಿ ಅವಸರದಿಂದ ಮುಂದಿನದಕ್ಕೆ ತಿರುಗಿಸಿದರೆ ಆ ಕಾಡತೂಸು ನಳಿಕೆ ಎದುರಿಗಿಲ್ಲದ ಜಾಗದಲ್ಲಿ ಸಿಡಿಯಬಹುದು.

ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರದ ಪ್ರಮಾಣಪತ್ರ ಇದ್ದರೆ ಎಲ್ಲ ಆಯಿತು ಎಂದುಕೊಳ್ಳುತ್ತಾರೆ. ಆ ಕಾಗದ ನಿಮ್ಮ ಕೈಗೆ, ನಿಮ್ಮ ಆಯುಧಕ್ಕಲ್ಲ. ಶಿಬಿರದಲ್ಲಿ ನೀವು ಹಾರಿಸಿದ್ದು ಅವರ ರೈಫಲ್. ಹಾಗೆಂದು ತೋಟದ ಬಾವಿ ದಂಡೆಯಲ್ಲಿ ನಿಂತು ಕಬ್ಬಿನ ಕಡೆ ಹಾರಿಸಿ ನೋಡಬೇಡಿ. ಕಬ್ಬಿನೊಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವುದಕ್ಕೆ 2019ರ ತಿದ್ದುಪಡಿಯಲ್ಲೇ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ. ರಿಪೇರಿಯೂ ಅಷ್ಟೇ: ಲೈಸೆನ್ಸ್ ಇರುವವರ ಬಳಿ ಮಾತ್ರ. ಊರಿನ ಕಮ್ಮಾರನಿಗೆ ಕೊಟ್ಟರೆ ಅವನೂ ನೀವೂ ಇಬ್ಬರೂ ಸಿಕ್ಕಿಬೀಳುತ್ತೀರಿ.

ಕಾಡತೂಸು ಕೊಳ್ಳುವಾಗ ಬರೀ '.32 ಕೊಡ್ರಿ' ಎಂದರೆ ಸಾಲದು. ರಿವಾಲ್ವರಿನದರ ಕೇಸು (ಕಾಡತೂಸಿನ ಹಿತ್ತಾಳೆ ಕೊಳವೆ) ಸುಮಾರು 23 ಮಿ.ಮೀ. ಉದ್ದ, ಪಿಸ್ತೂಲಿನದು 17. ಪೆಟ್ಟಿಗೆ ತಿರುಗಿಸಿ ಓದಿ. ಹನ್ನೆರಡು ಬೋರಿನ ಹಳೆಯ ಜೋಡಿ ನಳಿಕೆಯವರಿಗೆ ಇದು ಇನ್ನೂ ಮುಖ್ಯ: ಹಲವು ಹಳೆಯ ಬಂದೂಕುಗಳಲ್ಲಿ ಕಾಡತೂಸು ಕೂಡುವ ಕೋಣೆ 65 ಮಿ.ಮೀ., ಈಗಿನ ಕಾಡತೂಸು 70. ಹಾಕಿದರೆ ಸಲೀಸಾಗಿ ಕೂಡುತ್ತದೆ, ಮೋಸವಿರುವುದೇ ಅಲ್ಲಿ. ಹಾರುವಾಗ ಅದರ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಳತೆಯನ್ನು ಸಾಮಾನ್ಯವಾಗಿ ನಳಿಕೆಯ ತಳದಲ್ಲಿ, ಮುಂದಿನ ಮರದ ಹಿಡಿ ಬಿಚ್ಚಿ ನಳಿಕೆ ತೆಗೆದರೆ ಕಾಣುವಂತೆ ಹೊಡೆದಿರುತ್ತಾರೆ. ಗೋಡೆಗೆ ತೂಗುಹಾಕಿದ ಬಂದೂಕಿನ ನಳಿಕೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಅದನ್ನು ನೋಡದೆ ಹಾರಿಸಿದರೆ ನಳಿಕೆ ಒಡೆಯಬಹುದು. ಬ್ಯಾಂಕ್ ಬಾಗಿಲಲ್ಲಿ ನಿಲ್ಲುವ ಗಾರ್ಡ್‌ಗಳ ಬಂದೂಕುಗಳನ್ನೂ ಯಾರಾದರೂ ನೋಡಿದರೆ ಒಳ್ಳೆಯದು.

ಭೀಮಾ ತೀರದ ಕಂಟ್ರಿ ಪಿಸ್ತೂಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ನಳಿಕೆಯನ್ನು ಯಾರೂ ಒತ್ತಡ ಕೊಟ್ಟು ಪರೀಕ್ಷಿಸಿರುವುದಿಲ್ಲ, ನೀವು ಪರೀಕ್ಷಿಸಲು ಒಯ್ಯುವ ಜಾಗವೂ ಇಲ್ಲ. ಇಟ್ಟುಕೊಂಡದ್ದಕ್ಕೇ ಕನಿಷ್ಠ ಎರಡು ವರ್ಷ ಜೈಲು.

ಪರೀಕ್ಷೆಯಾದ ಆಯುಧವಿದ್ದರೂ ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ನೋಡಿಕೊಳ್ಳಿ. ಅಥಣಿಯಿಂದ ಮೀರಜಕ್ಕೆ, ವಿಜಯಪುರದಿಂದ ಸೊಲ್ಲಾಪುರಕ್ಕೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗಿಬರುವುದು ನಮಗೆ ದಿನದ ಕೆಲಸ, ಆದರೆ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ ಗಡಿ ದಾಟಿದೊಡನೆ ಅಪರಾಧ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ಕಲಮುಗಳಲ್ಲಿದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದ್ದು ಓಡುವವನ ಬೆನ್ನಿಗೆ ಹೊಡೆದರೆ ಆ ಹಕ್ಕು ನಿಮ್ಮ ಕೈ ಹಿಡಿಯುವುದಿಲ್ಲ.

ಹೊತ್ತು ತಿರುಗುವ ಕಾಡತೂಸನ್ನು ವರ್ಷಕ್ಕೊಮ್ಮೆ ಬದಲಿಸಿ, ಹಳೆಯದನ್ನು ರೇಂಜಿನಲ್ಲಿ ಹಾರಿಸಿ. ಹೀಗೆ ಮಾಡಿದರೆ ಪರೀಕ್ಷೆಯ ಖರ್ಚೂ ಬೇರೆಯಾಗಿ ಬೀಳುವುದಿಲ್ಲ. ಖಾಲಿ ಕೇಸು ಎಸೆಯಬೇಡಿ, ಲೆಕ್ಕ ಕೇಳುತ್ತಾರೆ. ಕಿಲುಬು ಹಿಡಿದದ್ದು, ತಳದಲ್ಲಿ ತಗ್ಗು ಬಿದ್ದೂ ಹಾರದೇ ಉಳಿದದ್ದು ಇದ್ದರೆ ಬಾವಿಗೂ ಒಲೆಗೂ ಹಾಕದೆ, ಲೈಸೆನ್ಸ್ ಪುಸ್ತಕದ ಜೊತೆ ಅಂಗಡಿಗೋ ಠಾಣೆಗೋ ಒಯ್ದು ಒಪ್ಪಿಸಿ ಬರಹದಲ್ಲಿ ರಸೀದಿ ತೆಗೆದುಕೊಳ್ಳಿ.