ವಿಂಚೆಸ್ಟರ್ ಬಂಗಲೆ ನೋಡೋಕೆ ಹೊರಟಿದ್ದೀರಾ? ಪ್ಯಾಕೇಜ್‌ನವರ ಮಾತು ನಂಬಬೇಡಿ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಅವರ ಹಿಂದೆಯೇ ವಾಟ್ಸಾಪ್ ಗುಂಪುಗಳಲ್ಲಿ ಟೂರ್ ಪೋಸ್ಟರ್‌ಗಳೂ ಬರುತ್ತವೆ. 'ಒಂದೇ ದಿನದಲ್ಲಿ ಗೋಲ್ಡನ್ ಗೇಟ್, ಸ್ಟ್ಯಾನ್‌ಫರ್ಡ್, ವಿಂಚೆಸ್ಟರ್ ಭೂತ ಬಂಗಲೆ, ಗೈಡ್ ಮತ್ತು ಟಿಕೆಟ್ ಸೇರಿ' ಅನ್ನುವ ಪ್ಯಾಕೇಜ್ ಹಿಡಿದು ನಾವು ಹೋಗಿ ಬಂದೆವು. ವಿಂಚೆಸ್ಟರ್ ಬಂಗಲೆ ಅಂದರೆ ಸ್ಯಾನ್ ಹೋಸೆಯಲ್ಲಿರುವ, ಟಿಕೆಟ್ ಕೊಟ್ಟು ನೋಡುವ ಹಳೇ ಕಾಲದ ದೊಡ್ಡ ಮನೆ. ಏಜೆಂಟ್ ಹೆಸರು ಬರೆಯುವುದಿಲ್ಲ. ಇಂಥವರ ಹೆಸರು, ನಂಬರ್ ಬದಲಾಗುತ್ತಲೇ ಇರುತ್ತವೆ. ಯಾವ ರೀತಿ ಟೋಪಿ ಹಾಕುತ್ತಾರೆ ಅನ್ನುವುದು ಗೊತ್ತಿದ್ದರೆ ಸಾಕು.

ನಮ್ಮ ಅತ್ತೆಗೆ ಮಂಡಿನೋವು. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿದ್ದೆ. "ಏನೂ ಯೋಚ್ನೆ ಮಾಡ್ಬೇಡಿ ಮೇಡಂ, ಬಂಗಲೆ ಒಳಗೆಲ್ಲಾ ವೀಲ್‌ಚೇರ್ ಹೋಗುತ್ತೆ. ನಮ್ಮದೇ ಏರ್ಪಾಡು ಇದೆ, ಅದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ ಅಷ್ಟೇ" ಅಂದರು. ಪ್ಯಾಕೇಜ್ ದುಡ್ಡನ್ನು ಕ್ರೆಡಿಟ್ ಕಾರ್ಡಿನಲ್ಲಿ ತೆಗೆದುಕೊಂಡರು. ಈ ಎಕ್ಸ್‌ಟ್ರಾ ಮಾತ್ರ ಝೆಲ್‌ನಲ್ಲೇ (ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ದುಡ್ಡು ಕಳಿಸುವ ಅಮೆರಿಕದ ವ್ಯವಸ್ಥೆ) ಕಳಿಸಬೇಕು ಎಂದರು.

ಅಲ್ಲಿಗೆ ಹೋದಾಗ ನಿಜ ಗೊತ್ತಾಯಿತು. ಮನೆಯೊಳಗಿನ ಗೈಡೆಡ್ ಟೂರ್‌ಗೆ ವೀಲ್‌ಚೇರ್ ಹೋಗುವುದೇ ಇಲ್ಲ. ಹೋಗುವುದಾದರೂ ಎಲ್ಲಿಂದ ಹೇಳಿ? ಸುಮಾರು 160 ಕೋಣೆ, 47 ಮೆಟ್ಟಿಲುಸಾಲು ಇರುವ ಮನೆ ಅದು. ಇಕ್ಕಟ್ಟಿನ ಓಣಿಗಳು, ಕೋಣೆಯಿಂದ ಕೋಣೆಗೆ ಏರುಪೇರು. ಟೂರ್ ಒಂದು ಗಂಟೆಗೂ ಜಾಸ್ತಿ, ಪೂರ್ತಿ ನಿಂತು ನಡೆದೇ ನೋಡಬೇಕು. ಗೈಡ್ ಜೊತೆಗೇ ಇರಬೇಕು, ಸುಸ್ತಾಯಿತು ಅಂತ ಎಲ್ಲೆಂದರಲ್ಲಿ ಕೂತುಬಿಡೋಕೆ ಆಗುವುದಿಲ್ಲ. ಮಂಡಿನೋವು, ಉಬ್ಬಸ, ಇಕ್ಕಟ್ಟಿನ ಜಾಗ ಕಂಡರೆ ಭಯ ಇರುವವರನ್ನು ಕರೆದುಕೊಂಡು ಹೋಗುವ ಮುಂಚೆ ಚೆನ್ನಾಗಿ ಯೋಚಿಸಿ.

ಟಿಕೆಟ್ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಪ್ರತಿ ಗುಂಪಿಗೂ ಒಳಗೆ ಹೋಗುವ ಸಮಯ ಗೊತ್ತು ಮಾಡಿರುತ್ತಾರೆ. ಏಜೆಂಟ್ ಕಳಿಸಿದ್ದ ಪಿಡಿಎಫ್‌ನಲ್ಲಿ ನಮ್ಮ ಹೆಸರು, ಸಮಯ, ಒಂದು ಬುಕಿಂಗ್ ನಂಬರ್ ಎಲ್ಲಾ ಇತ್ತು. ಕೌಂಟರ್‌ನಲ್ಲಿ ತೋರಿಸಿದರೆ, "ಈ ನಂಬರ್ ನಮ್ಮದಲ್ಲ" ಅಂದರು. ಏಜೆಂಟ್ ಫೋನ್ ಎತ್ತಲಿಲ್ಲ. ವ್ಯಾನಿನ ಡ್ರೈವರ್ "ನಂಗೇನೂ ಗೊತ್ತಿಲ್ಲ ಸರ್, ನಂದು ಬರೀ ಡ್ರೈವಿಂಗ್" ಅಂತ ಕೈ ತೊಳೆದುಕೊಂಡ. ಹೊಸದಾಗಿ ಟಿಕೆಟ್ ತಗೊಳ್ಳೋಣ ಅಂದರೆ ಸಂಜೆಯ ಹೊತ್ತಿಗೆ ಮಾತ್ರ ಖಾಲಿ ಇತ್ತು. ಅಲ್ಲಿಯವರೆಗೆ ವ್ಯಾನ್ ನಿಲ್ಲುವುದಿಲ್ಲವಂತೆ. ಜೊತೆಗೆ ಬಂದಿದ್ದ ಉಳಿದವರು ಮುಂಬಾಗಿಲ ಹತ್ತಿರ ಫೋಟೋ ತೆಗೆಸಿಕೊಂಡು ಹೊರಟೇಬಿಟ್ಟರು. ಮಾವನಿಗೆ ಒಳಗೆ ನೋಡಲೇಬೇಕು ಅಂತ ಆಸೆ. ನಮ್ಮವರು ಅತ್ತೆ ಜೊತೆ ತೋಟದಲ್ಲಿ ಕೂತರು, ನಾನು ಮಾವ ಒಳಗೆ ಹೋದೆವು. ವಾಪಸ್ಸು, ಕಾರು ನಿಲ್ಲಿಸಿದ್ದ ಡೇಲಿ ಸಿಟಿವರೆಗೆ ಊಬರ್. ಅದರ ಬಾಡಿಗೆ ಕೇಳಬೇಡಿ.

ಮನೆ ಮಾತ್ರ ನೋಡಬೇಕಾದ್ದೇ. ಬಂದೂಕು ಕಂಪನಿಯ ವಿಲಿಯಂ ವಿಂಚೆಸ್ಟರ್ 1881ರಲ್ಲಿ ಕ್ಷಯದಿಂದ ತೀರಿಕೊಂಡ. ಒಬ್ಬಳೇ ಮಗಳು ಅದಕ್ಕೂ ಎಷ್ಟೋ ಮೊದಲೇ, ಹಸುಗೂಸಾಗಿದ್ದಾಗಲೇ ಹೋಗಿದ್ದಳು. ಹೆಂಡತಿ ಸಾರಾ 1886ರಲ್ಲಿ ಸ್ಯಾನ್ ಹೋಸೆಗೆ ಬಂದು ಒಂದು ಸಣ್ಣ ತೋಟದ ಮನೆ ಕೊಂಡಳು. ಅದನ್ನೇ ಕಟ್ಟಿಸುತ್ತಾ, ಬೆಳೆಸುತ್ತಾ ಹೋದಳು. 1922ರಲ್ಲಿ ಆಕೆ ತೀರಿಕೊಂಡಳು, ಮರುವರ್ಷವೇ ಮನೆ ಜನರಿಗೆ ತೆರೆಯಿತು. ನನಗೆ ತುಂಬಾ ಹಿಡಿಸಿದ್ದು ಒಂದು ಮೆಟ್ಟಿಲುಸಾಲು. 44 ಮೆಟ್ಟಿಲು, ಏಳು ತಿರುವು, ಹತ್ತುವ ಎತ್ತರ ಮಾತ್ರ ಒಂಬತ್ತು ಅಡಿ! ಒಂದೊಂದು ಮೆಟ್ಟಿಲೂ ಎರಡೇ ಇಂಚು ಚಿಲ್ಲರೆ. ಸಾರಾಗೆ ಜೋರು ಸಂಧಿವಾತ, ಕಾಲೆತ್ತಿ ಇಡೋಕೆ ಆಗುತ್ತಿರಲಿಲ್ಲ, ಅದಕ್ಕೇ ಹೀಗೆ ಕಟ್ಟಿಸಿಕೊಂಡಳಂತೆ. ಹೊರಗೆ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ ಅತ್ತೆಗೆ ಹೇಳಿದೆ. "ನೋಡು, ನನ್ನ ಕಷ್ಟ ಅವಳಿಗೆ ಗೊತ್ತು, ಆ ಏಜೆಂಟಿಗೆ ಗೊತ್ತಿಲ್ಲ" ಅಂದರು.

ಇನ್ನು ವ್ಯಾನಿನಲ್ಲಿ ಬಂದಿದ್ದ 'ಗೈಡ್' ವಿಷಯ. ದಾರಿಯುದ್ದಕ್ಕೂ ಮೈಕ್ ಹಿಡಿದು ಭೂತದ ಕಥೆ. ವಿಂಚೆಸ್ಟರ್ ಬಂದೂಕಿಗೆ ಸತ್ತವರ ಆತ್ಮಗಳು ಕಾಡುತ್ತಿದ್ದವಂತೆ, ಕಟ್ಟೋದು ನಿಲ್ಲಿಸಿದರೆ ಸಾವು ಅಂತ ಹಗಲೂ ರಾತ್ರಿ 38 ವರ್ಷ ಸುತ್ತಿಗೆ ಸದ್ದು ನಿಲ್ಲಲಿಲ್ಲವಂತೆ. ಕಥೆ ಅಂತ ಕೇಳೋಕೆ ಮಜಾ ಇದೆ, ನಾನೂ ಕೇಳಿದೆ. ಆದರೆ ಆಕೆ ಎಷ್ಟೋ ಸಲ ಕೆಲಸದವರನ್ನು ತಿಂಗಳುಗಟ್ಟಲೆ ಕಳಿಸಿಬಿಡುತ್ತಿದ್ದಳು ಅನ್ನುವುದಕ್ಕೆ ಆಕೆಯ ಕಾಗದಗಳೇ ಸಾಕ್ಷಿ. 1906ರ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಹಾಳಾದವು, ಆಕೆ ಮತ್ತೆ ಕಟ್ಟಿಸಲಿಲ್ಲ. ಎಲ್ಲಿಗೂ ಹೋಗದ ಬಾಗಿಲು, ಚಾವಣಿಗೆ ತಾಗಿ ನಿಲ್ಲುವ ಮೆಟ್ಟಿಲು ಇವುಗಳಲ್ಲಿ ಕೆಲವಕ್ಕೆ ಇದೇ ಕಾರಣ ಅಂತ ಸಂಶೋಧಕರು ಹೇಳುತ್ತಾರೆ. ಭೂಕಂಪದ ಮಾತು ವ್ಯಾನಿನ ಮೈಕಿನಲ್ಲಿ ಒಂದು ಸಲವೂ ಬರಲಿಲ್ಲ.

ಮೋಸದ ಗುರುತು ಪೋಸ್ಟರಿನಲ್ಲೇ ಇದೆ, ಗಮನಿಸಿ. ಅದರಲ್ಲಿದ್ದ ಹಸಿರು ಬಣ್ಣದ, ಎತ್ತರದ ಗೋಪುರದ ಮನೆ ವಿಂಚೆಸ್ಟರ್ ಬಂಗಲೆಯೇ ಅಲ್ಲ. ಅದು ಸುಮಾರು 300 ಮೈಲಿ ಉತ್ತರಕ್ಕೆ, ಯುರೇಕಾದಲ್ಲಿರುವ ಕಾರ್ಸನ್ ಮ್ಯಾನ್ಷನ್. ಮರದ ವ್ಯಾಪಾರಿಯೊಬ್ಬ 1880ರ ದಶಕದಲ್ಲಿ ಕಟ್ಟಿಸಿದ್ದು. ಈಗ ಖಾಸಗಿ ಕ್ಲಬ್, ಸದಸ್ಯರಲ್ಲದವರನ್ನು ಒಳಗೆ ಬಿಡುವುದಿಲ್ಲ. ವಿಂಚೆಸ್ಟರ್ ಬಂಗಲೆ ಕೆಂಪು ಚಾವಣಿಯದು, ಉದ್ದಗಲಕ್ಕೆ ಹರಡಿಕೊಂಡಿದೆ. ಯಾವ ಮನೆ ತೋರಿಸುತ್ತೇನೆ ಅಂತಲೇ ಗೊತ್ತಿಲ್ಲದವನು ಟಿಕೆಟ್ ತೆಗೆಸಿರುತ್ತಾನಾ?

ಹೋಗುವುದಾದರೆ ಬಂಗಲೆಯವರ ವೆಬ್‌ಸೈಟಿನಲ್ಲೇ ಟಿಕೆಟ್ ತಗೊಳ್ಳಿ, ಅನುಮಾನ ಇದ್ದರೆ ಅವರಿಗೇ ಫೋನ್ ಮಾಡಿ. ಪ್ಯಾಕೇಜ್ ಬೇಕೇ ಬೇಕು ಅಂದರೆ, ಬುಕಿಂಗ್ ನಂಬರ್ ಬಂದ ಕೂಡಲೇ ಅದು ಅವರ ಹತ್ತಿರ ಇದೆಯಾ ಅಂತ ವಿಚಾರಿಸಿ. ದುಡ್ಡು ಪೂರ್ತಿ ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. ಅಮೆರಿಕದ ಕಾನೂನಿನ ಪ್ರಕಾರ, ಆ ಖರ್ಚು ಮೊದಲು ಕಾಣಿಸಿದ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಬರೆದು ತಕರಾರು ಹಾಕಬಹುದು. ನಾವು ಪಿಡಿಎಫ್, ಏಜೆಂಟ್ ಮೆಸೇಜ್‌ಗಳು, ಹೊಸ ಟಿಕೆಟ್ ರಸೀದಿ ಎಲ್ಲಾ ಸೇರಿಸಿ ಕಳಿಸಿದೆವು. ಪ್ಯಾಕೇಜ್ ದುಡ್ಡು ವಾಪಸ್ ಬಂತು. ವೀಲ್‌ಚೇರ್ ಹೆಸರಿನಲ್ಲಿ ಝೆಲ್ ಮಾಡಿದ್ದು ಮಾತ್ರ ಹೋಯಿತು. ನೀವೇ ಕಳಿಸಿದ್ದೀರಲ್ಲ, ನಾವೇನೂ ಮಾಡೋಕೆ ಬರುವುದಿಲ್ಲ ಅಂತ ಬ್ಯಾಂಕಿನವರು ಹೇಳಿದರು.