ಬೆಕ್ಕಿನ ಗಾಯ ಮತ್ತು ಕಾಲು ತುಂಡು ಮಾತ್ರೆ: ನಮ್ಮ ಮನೆಯಲ್ಲಾದ ತಪ್ಪು

ಗಾಯವಾಗಿ ಜ್ವರ ಬಂದ ಬೆಕ್ಕಿಗೆ ಮನುಷ್ಯರ ಪ್ಯಾರಸಿಟಮಾಲ್ ಮಾತ್ರೆಯನ್ನು ಎಷ್ಟೇ ಚಿಕ್ಕ ತುಂಡಾದರೂ ಕೊಡಬೇಡಿ. ಕಳೆದ ಮಳೆಗಾಲ, ತುಳುವರ ಆಟಿ ತಿಂಗಳಲ್ಲಿ ನಾನು ಕೊಟ್ಟೆ. ಐದು ದಿನಗಳ ಕಾಲ ಒಂದರ ಮೇಲೊಂದರಂತೆ ನಾನು ಮಾಡಿದ ತಪ್ಪುಗಳಲ್ಲಿ ಅದು ಅತಿ ಕೆಟ್ಟದ್ದು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ತೋಟದ ನಡುವಿನ ಮನೆ. ಬೊಳ್ಳನೆಂಬ ನಮ್ಮ ಬಿಳಿ ಗಂಡು ಬೆಕ್ಕಿಗೆ ಸಂತಾನಹರಣ ಮಾಡಿಸಿರಲಿಲ್ಲವಾದ್ದರಿಂದ ಹೊರಗಿನ ಬೆಕ್ಕುಗಳೊಡನೆ ಜಗಳ ತಪ್ಪುತ್ತಿರಲಿಲ್ಲ. ಒಂದು ಬುಧವಾರ ರಾತ್ರಿ ದನದ ಹಟ್ಟಿಯ ಹಿಂದೆ ದೊಡ್ಡ ಹೊಡೆದಾಟವಾಗಿ, ಬೆಳಿಗ್ಗೆ ನೋಡಿದಾಗ ಬಾಲದ ಬುಡದಲ್ಲಿ ಎರಡು ಸಣ್ಣ ತೂತುಗಳಿದ್ದವು. ಎದುರಿಸಿ ನಿಂತ ಬೆಕ್ಕಿಗೆ ಮುಖಕ್ಕೋ ಮುಂಗಾಲಿಗೋ ಗಾಯವಾಗುತ್ತದೆ, ಬಾಲದ ಬುಡಕ್ಕೆ ಕಚ್ಚಿಸಿಕೊಂಡು ಬಂದದ್ದು ಓಡಿದ ಬೆಕ್ಕು ಎಂದು ಆಮೇಲೆ ತಿಳಿಯಿತು. ನಮ್ಮ ಶೂರನ ಕಥೆ ಇಷ್ಟು.

ರಕ್ತ ಹೆಚ್ಚು ಬಂದಿರಲಿಲ್ಲ. ಮನೆಯಲ್ಲಿದ್ದ ಡೆಟ್ಟಾಲನ್ನು ನೀರಿಗೆ ಹಾಕಿ ಹತ್ತಿಯಿಂದ ಒರೆಸಿದೆ, ಅದು ಒಣಗುವ ಮುನ್ನವೇ ಬೊಳ್ಳ ಅಷ್ಟನ್ನೂ ನೆಕ್ಕಿಕೊಂಡಿತು. ಸಂಜೆಯವರೆಗೆ ಬಾಯಿಂದ ಜೊಲ್ಲು ಸುರಿಯಿತು. ಡೆಟ್ಟಾಲಿನಲ್ಲಿರುವಂಥ ಫಿನಾಲ್ ಜಾತಿಯ ವಸ್ತುಗಳು ಬೆಕ್ಕಿನ ಮೈಯಲ್ಲಿ ಸುಲಭವಾಗಿ ಕರಗಿ ಹೋಗುವುದಿಲ್ಲ, ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುವ ಇಂಥ ದ್ರಾವಣಗಳೂ ನೆಲ ಒರೆಸುವ ಫಿನಾಯಿಲೂ ಅದಕ್ಕೆ ಹೊರಗಿನಿಂದಲೇ ವಿಷವಾಗಬಲ್ಲವು ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನ ಅಮ್ಮ ಹೇಳಿದಂತೆ ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆವು. ಶುಕ್ರವಾರದ ಹೊತ್ತಿಗೆ ತೂತುಗಳ ಮೇಲೆ ಹಕ್ಕಳೆ ಕಟ್ಟಿತು. ಗಾಯ ಒಣಗಿತೆಂದು ನೆಮ್ಮದಿಯಾಯಿತು.

ಮೋಸ ಹೋದದ್ದು ಅಲ್ಲಿಯೇ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ತೆಳ್ಳಗೆ, ಉದ್ದಕ್ಕೆ ಇರುವುದರಿಂದ ಬಾಯಿಯಲ್ಲಿರುವ ಪಾಶ್ಚುರೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳನ್ನು ಚರ್ಮದ ಅಡಿಯವರೆಗೆ ಒಯ್ದು ಬಿಡುತ್ತದೆ. ಮೇಲಿನ ಸಣ್ಣ ತೂತು ಒಂದೆರಡು ದಿನಗಳಲ್ಲಿ ಮುಚ್ಚಿಕೊಂಡರೆ ಒಳಗಿನದಕ್ಕೆ ಹೊರದಾರಿ ಇಲ್ಲದೆ ಕೀವು ತುಂಬತೊಡಗುತ್ತದೆ. ಕಚ್ಚಿದ ಗಾಯ ಬೇಗ ಮುಚ್ಚಿತೆಂದರೆ ಅದು ವಾಸಿಯಾದ ಗುರುತಲ್ಲ. ಆ ಜಾಗವನ್ನು ದಿನವೂ ಬೆರಳಿನಿಂದ ಮೆಲ್ಲನೆ ಒತ್ತಿ, ಬಿಸಿಯಿದೆಯೇ, ಮೆತ್ತಗೆ ಉಬ್ಬಿದೆಯೇ ಎಂದು ನೋಡಬೇಕಿತ್ತು.

ಭಾನುವಾರ ಬಾಲದ ಬುಡದಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. ಬೊಳ್ಳ ಅಟ್ಟದಿಂದ ಕೆಳಗಿಳಿಯಲಿಲ್ಲ, ಹಾಲನ್ನೂ ಮುಟ್ಟಲಿಲ್ಲ. ಕಿವಿ ಮುಟ್ಟಿದರೆ ಕಾದಿತ್ತು. ಸರಕಾರಿ ಮೃಗಾಸ್ಪತ್ರೆಗೆ ರಜೆ. ನಮ್ಮ ಪೇಟೆಯಲ್ಲಿ ಸಲಹೆಗೇನೂ ಬರವಿಲ್ಲ, ಅದು ಕನ್ನಡ, ತುಳು, ಮಲಯಾಳ ಮೂರರಲ್ಲೂ ಧಾರಾಳವಾಗಿ ಸಿಗುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿದಾಗ, "ಸಣ್ಣ ಮಕ್ಕಳಿಗೆ ಕೊಡುವ ಮದ್ದೇ ಅಲ್ಲವಾ, ಕಾಲು ತುಂಡು ಕೊಟ್ಟು ನೋಡಿ" ಎಂದರು. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗವನ್ನು ಪುಡಿ ಮಾಡಿ, ಹಾಲಿನಲ್ಲಿ ಕದಡಿ, ಮಗುವಿಗೆ ಮದ್ದು ಕುಡಿಸುವ ಫಿಲ್ಲರಿನಿಂದ ಸಂಜೆ ಒಮ್ಮೆ ಕುಡಿಸಿದೆ. ಮೈ ಬಿಸಿ ಇಳಿಯಲಿಲ್ಲವೆಂದು ನಸುಕಿನಲ್ಲಿ ಮತ್ತೊಮ್ಮೆ ಕುಡಿಸಿದೆ. ಮೈ ಬಿಸಿ ನೋಡಿದ್ದೂ ಬರಿಗೈಯಲ್ಲಿ. ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಆರೋಗ್ಯವಾಗಿರುವ ಬೆಕ್ಕೂ ನಮ್ಮ ಕೈಗೆ ಬಿಸಿಯಾಗಿಯೇ ತೋರುತ್ತದೆ. ಬೊಳ್ಳನಿಗೆ ಜ್ವರವಿದ್ದದ್ದು ನಿಜವೇ ಆಗಿತ್ತು, ಆದರೆ ನನ್ನ ಕೈ ಅದಕ್ಕೆ ಸಾಕ್ಷಿಯಾಗಿರಲಿಲ್ಲ.

ಸೋಮವಾರ ಬೆಳಕು ಹರಿದಾಗ ಅದರ ಮುಖ ಊದಿತ್ತು. ಮುಂಗಾಲಿನ ಪಾದಗಳು ದಪ್ಪಗಾಗಿದ್ದವು, ಉಸಿರು ಹೊಟ್ಟೆಯಿಂದ ಏದುತ್ತಿತ್ತು. ತುಟಿ ಎತ್ತಿ ನೋಡಿದರೆ ಗುಲಾಬಿ ಇರಬೇಕಿದ್ದ ವಸಡು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೃಗಾಸ್ಪತ್ರೆ ತೆರೆಯುವವರೆಗೆ ಕಾಯಲು ಧೈರ್ಯ ಬರಲಿಲ್ಲ. ಮಂಗಳೂರಿನ ಒಬ್ಬ ಪಶುವೈದ್ಯರಿಗೆ ಫೋನ್ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಮಳೆಯಲ್ಲಿಯೇ ಹೊರಟೆವು.

"ಮನೆಯಲ್ಲಿ ಏನಾದರೂ ಮದ್ದು ಕೊಟ್ಟಿದ್ದೀರಾ?" ಎಂದು ವೈದ್ಯರು ಕೇಳಿದಾಗ ನಾನು ಇಲ್ಲವೆಂದೆ. ನಾಚಿಕೆಯಿಂದ ಹೇಳಿದ ಸುಳ್ಳದು. ಅವರು ಬಾವಿನ ವಿಷವೇ ರಕ್ತಕ್ಕೆ ಸೇರಿರಬಹುದೆಂದು ಪರೀಕ್ಷೆಗೆ ತೊಡಗಿದರು. ಹಿಂದೆ ನಿಂತಿದ್ದ ಅಮ್ಮ, "ಜ್ವರಕ್ಕೆ ಕಾಲು ಕಾಲು ಎರಡು ಸಲ ಕೊಟ್ಟದ್ದುಂಟಲ್ಲ" ಎನ್ನದೆ ಇದ್ದಿದ್ದರೆ ಇನ್ನೆಷ್ಟು ಹೊತ್ತು ಹಾಳಾಗುತ್ತಿತ್ತೋ. ವೈದ್ಯರು ಬಿಳಿ ಗಾಜ್ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿಟ್ಟು ತೋರಿಸಿದರು. ಅದು ಕೆಂಪಾಗಿರಲಿಲ್ಲ, ಕಾಫಿ ಚರಟದಂತೆ ಕಂದಾಗಿತ್ತು.

ಪ್ಯಾರಸಿಟಮಾಲನ್ನು ನಿರಪಾಯಗೊಳಿಸಿ ಹೊರಹಾಕಲು ಬೇಕಾದ ಯಕೃತ್ತಿನ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹಾಗೆ ಉಳಿದದ್ದು ವಿಷವಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕ ಹೊರಲಾರದ ಮೆಥೆಮೊಗ್ಲೋಬಿನ್ ಆಗಿಸುತ್ತದೆ, ಆದ್ದರಿಂದ ಬೆಕ್ಕು ಉಸಿರಾಡುತ್ತಿದ್ದರೂ ಮೈಗೆ ಉಸಿರು ಮುಟ್ಟುವುದಿಲ್ಲ. ಸುಮಾರು ನಾಲ್ಕು ಕಿಲೋ ತೂಗುವ ಬೊಳ್ಳನಿಗೆ ಒಂದೇ ರಾತ್ರಿಯಲ್ಲಿ 250 ಮಿಲಿಗ್ರಾಂ ಹೋಗಿತ್ತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಬೇರೆ ರೀತಿಯಲ್ಲಿ ಅಷ್ಟೇ ಅಪಾಯಕಾರಿ. ಪ್ಯಾರಸಿಟಮಾಲಿಗೆ ಪ್ರತಿಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್ ಮನುಷ್ಯರಿಗೂ ಬಳಸುವಂಥದ್ದು, ಅದನ್ನು ದೊಡ್ಡ ಆಸ್ಪತ್ರೆಯೊಂದರ ಬಳಿಯ ಮೆಡಿಕಲ್‌ನಿಂದ ನಾನೇ ಓಡಿ ತಂದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಫಲವಿರುವ ಮದ್ದದು, ನನ್ನ ಸುಳ್ಳು ನುಂಗಿದ ನಿಮಿಷಗಳು ಈಗಲೂ ಚುಚ್ಚುತ್ತವೆ.

ಎರಡನೆಯ ದಿನ ವಸಡಿಗೆ ಬಣ್ಣ ಮರಳಿದ ಮೇಲೆಯೇ ವೈದ್ಯರು ಬಾವಿನ ಚಿಕಿತ್ಸೆಗೆ ಕೈ ಹಾಕಿದ್ದು. ಕೂದಲು ಬೋಳಿಸಿ ಸಣ್ಣದಾಗಿ ಸೀಳಿದಾಗ ಮೂಗು ಮುಚ್ಚುವಂಥ ವಾಸನೆಯೊಡನೆ ಎರಡು ಚಮಚದಷ್ಟು ಕೀವು ಬಂತು. ಒಳಗನ್ನು ಸಲೈನಿನಿಂದ ತೊಳೆದು, ಹೊಲಿಗೆ ಹಾಕದೆ ತೆರೆದೇ ಬಿಟ್ಟರು. ತೆರೆದ ಗಾಯ ಕಂಡು ನನಗೆ ಗಾಬರಿಯಾಯಿತು, ಆದರೆ ಇಂಥ ಗಾಯ ಅಡಿಯಿಂದ ಮೇಲಕ್ಕೆ ತುಂಬಿ ಬರಬೇಕು, ಮೇಲಿನ ಬಾಯಿ ಬೇಗ ಮುಚ್ಚಿದರೆ ಮತ್ತೆ ಕೀವಾಗುತ್ತದೆಂದು ತಿಳಿಸಿ ಹೇಳಿದರು. ಮನೆಯಲ್ಲಿ ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದು ಹಕ್ಕಳೆ ಸಡಿಲಿಸುವುದು, ಅವರು ಬರೆದುಕೊಟ್ಟ ಆಂಟಿಬಯೋಟಿಕ್ಕನ್ನು ಗಾಯ ಚೆನ್ನಾಗಿ ಕಂಡರೂ ನಿಲ್ಲಿಸದೆ ಮುಗಿಸುವುದು, ಇಷ್ಟೇ ನಮ್ಮ ಕೆಲಸವಾಗಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬೆಳೆಯುವ ಮಾಂಸವನ್ನೇ ಸುಡುವುದರಿಂದ ಅದು ಬೇಡವೆಂದಿದ್ದರು.

ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಹುಳವಾಗುವ ಭಯ ನಮ್ಮ ಕಡೆ ಹೆಚ್ಚು. ಹುಳ ಕಂಡರೆ ಟರ್ಪೆಂಟೈನ್, ಕರ್ಪೂರದ ಎಣ್ಣೆ, ಪೆಟ್ರೋಲ್ ಸುರಿಯುವವರಿದ್ದಾರೆ. ಬೆಕ್ಕು ಅದನ್ನು ನೆಕ್ಕಿಯೇ ನೆಕ್ಕುತ್ತದೆ, ಆಗ ಹುಳಕ್ಕಿಂತ ಮೊದಲು ಬೆಕ್ಕು ಹೋಗುತ್ತದೆ. ನಾವು ಗಾಯ ಮಾಯುವವರೆಗೆ ಬೊಳ್ಳನನ್ನು ಬಲೆ ಹೊಡೆದ ಕೋಣೆಯಲ್ಲಿಯೇ ಇಟ್ಟೆವು. ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕಾಲರ್ ಒಂದೇ ದಿನದಲ್ಲಿ ಮುರಿದುಹೋದದ್ದರಿಂದ ಅಪ್ಪ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಹಾಳೆಯ ಟೊಪ್ಪಿಯಾದ ಮುಟ್ಟಾಳೆ ಕಟ್ಟುವ ಹಾಗೆ ಬಗ್ಗಿಸಿ, ಅಂಚಿಗೆ ಹಳೆಯ ಪಂಚೆಯ ಪಟ್ಟಿ ಹೊಲಿದು ಹೊಸ ಕಾಲರ್ ಮಾಡಿದರು. ಅದನ್ನು ಮುರಿಯಲು ಬೊಳ್ಳನಿಂದ ಆಗಲಿಲ್ಲ.

ಆ ಮಾತ್ರೆಯನ್ನು ಫಿಲ್ಲರಿನಲ್ಲಿ ಕುಡಿಸುವಾಗ ಬೊಳ್ಳ ನನ್ನ ಹೆಬ್ಬೆರಳಿಗೆ ಕಚ್ಚಿತ್ತು, ನಾನು ಬರೀ ನೀರಿನಲ್ಲಿ ತೊಳೆದು ಸುಮ್ಮನಾಗಿದ್ದೆ. ಬೊಳ್ಳನಿಗೆ ಕಚ್ಚಿದ ಬೆಕ್ಕು ಯಾರದೆಂದೇ ಗೊತ್ತಿರಲಿಲ್ಲವಾದ್ದರಿಂದ ವೈದ್ಯರು ನನ್ನನ್ನು ಗದರಿಸಿ ರೇಬೀಸ್ ಲಸಿಕೆಗೆ ಕಳುಹಿಸಿದರು. ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನನ್ನ ಚೀಟಿಯಲ್ಲಿ 0, 3, 7, 28 ಎಂದು ನಾಲ್ಕು ದಿನಗಳಿದ್ದವು. ಹೆಬ್ಬೆರಳೂ ಊದಿ ಕೀವಾದದ್ದರಿಂದ ಕೆಲವು ದಿನ ಬೊಳ್ಳನಿಗೊಂದು ಆಂಟಿಬಯೋಟಿಕ್, ನನಗೊಂದು.

ಗಾಯ ಮಾಯಲು ಹದಿನೆಂಟು ದಿನ ಹಿಡಿಯಿತು. ಔಷಧದ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ವಾರ ಇನ್ನೊಬ್ಬರಿಗೂ ಹಾಗೆಯೇ ಹೇಳಿದ್ದೆನೆಂದು ನೆನಪಿಸಿಕೊಂಡು, ನನ್ನೆದುರೇ ಅವರಿಗೆ ಫೋನ್ ಮಾಡಿದರು.